‘ಜೀರುಂಡೆಗಳಿವೆ’ ಎಂದರೆ ಸಾಲದು

ನಮ್ಮ ಕಣಿವೆಯ ಹಳ್ಳವೊಂದಕ್ಕೆ ಒಡ್ಡು ಕಟ್ಟುವ ಪ್ರಸ್ತಾಪದೊಡನೆ ಬಂದ ಪರಿಸರ ವರದಿಯನ್ನು ಓದಿದೆ. ಸಿಂಗಳೀಕ, ಮಂಗಟ್ಟೆಗಳಿಗೆ ಅದರಲ್ಲಿ ಪುಟಗಳೇ ಮೀಸಲಾಗಿವೆ. ನೀರಿನ ಜೀರುಂಡೆಗಳಿಗೆ ದೊರೆತದ್ದು ಒಂದೇ ಸಾಲು: ಅವು ಇವೆ, ಅಷ್ಟೆ. ಯಾವ ಕುಟುಂಬದವು? ಹರಿಯುವ ನೀರಿನವೋ, ನಿಂತ ನೀರಿನವೋ? ವರದಿ ಮೌನವಾಗಿದೆ. ಈ ಮೌನ ಅಜ್ಞಾನದಿಂದಲೇ ಹುಟ್ಟಿರಬಹುದು. ಆದರೆ ಅದರ ಲಾಭ ಒಡ್ಡು ಕಟ್ಟುವವರಿಗೆ.

ಈ ಜೀವಿಗಳಲ್ಲಿ ಒಂದೆರಡು ಮಿಲಿಮೀಟರ್ ಉದ್ದದ ಚಿಕ್ಕವು ಬರಿಗಣ್ಣಿಗೆ ರಾಗಿಕಾಳಿನಂತೆ ಒಂದೇ ಬಗೆಯಾಗಿ ಕಾಣುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಮಗುಚಿ ನೋಡಿ. ಅವುಗಳ ದೇಹರಚನೆಯೇ ಕುಲವನ್ನು ಹೇಳುತ್ತದೆ.

ಡೈಟಿಸ್ಸಿಡೇ ಕುಟುಂಬದವುಗಳ ಕುಡಿಮೀಸೆ ನೂಲಿನಂತಿರುತ್ತದೆ. ಹಿಂಗಾಲಿನ ಬುಡದ ಫಲಕ ಎದೆಗೆ ಬೆಸೆದುಕೊಂಡು, ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡಾಗಿ ಸೀಳಿರುತ್ತದೆ. ಇವು ಬಾಲದ ತುದಿಯನ್ನು ಮೇಲೆತ್ತಿ, ರೆಕ್ಕೆಕವಚದಡಿ ಗಾಳಿ ತುಂಬಿಕೊಳ್ಳುತ್ತವೆ. ಹೈಡ್ರೊಫಿಲಿಡೇ ತಲೆಯ ಕಡೆಯಿಂದ ಮೇಲೇರಿ ಕುಡಿಮೀಸೆಯಿಂದ ನೀರಿನ ಪೊರೆಯನ್ನು ಭೇದಿಸುತ್ತದೆ. ಆ ಮೀಸೆಯ ತುದಿ ಗದೆಯಂತಿದ್ದು, ಗದೆಯಲ್ಲಿ 3 ಗಂಟುಗಳಿರುತ್ತವೆ. ಹೈಡ್ರೀನಿಡೇಯ ಗದೆಯಲ್ಲಾದರೋ 5. ಹೊಟ್ಟೆಯಡಿ ಕಾಣುವ ಪಟ್ಟಿಗಳು 6 ಅಥವಾ 7. ಇವೆರಡನ್ನೂ ಹಿಂದೆ ಹತ್ತಿರದ ನೆಂಟರೆಂದು ಎಣಿಸಿದ್ದರು. ಅಂಗರಚನೆಯನ್ನು ಸೂಕ್ಷ್ಮವಾಗಿ ನೋಡಿದ ಮೇಲೆ ಬೇರ್ಪಡಿಸಿದರು.

ನಮ್ಮ ವಾದಕ್ಕೆ ಮುಖ್ಯವಾದದ್ದು ಎಲ್ಮಿಡೇ. ಉದ್ದ ಕಾಲು, ದೊಡ್ಡ ಉಗುರು. ಈಜಲು ಬಾರದು, ಕಲ್ಲನ್ನು ಕಚ್ಚಿ ಹಿಡಿದಿರುತ್ತದೆ. ಮೈಯಡಿಯ ಮಖಮಲ್ಲಿನಂಥ ಕೂದಲಲ್ಲಿ ನಿಂತ ತೆಳು ಗಾಳಿಪೊರೆಯ ಮೂಲಕ ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಉಸಿರಾಡುತ್ತದೆ. ಆದ್ದರಿಂದ ಇವುಗಳಲ್ಲಿ ಬಹುಪಾಲಿಗೆ ಸದಾ ಹರಿಯುವ, ಆಮ್ಲಜನಕ ತುಂಬಿದ ನೀರು ಬೇಕು. ಸಾಬೂನಿನ ನೀರು ಸೇರಿದರೂ ಆ ಪೊರೆ ನೆನೆದು ಕೆಡುತ್ತದೆ.

ಈಗ ಒಡ್ಡು ಕಟ್ಟಿ ನೋಡಿ. ಹರಿವು ನಿಂತಲ್ಲಿ ಎಲ್ಮಿಡೇ ಅಳಿಯುತ್ತದೆ. ನಿಂತ ನೀರಿಗೆ ಒಗ್ಗುವ ಡೈಟಿಸ್ಸಿಡೇ ಬಂದು ಸೇರುತ್ತದೆ. ಮುಂದಿನ ವರದಿಯೂ ಜೀರುಂಡೆಗಳಿವೆ ಎಂದೇ ಬರೆಯುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ! ಹಳ್ಳ ಸತ್ತದ್ದು ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. ಹೆಸರಿಲ್ಲದ ಜೀವಿಯ ಸಾವಿಗೆ ಸಾಕ್ಷಿ ಎಲ್ಲಿಂದ ಬರಬೇಕು?

ಇದು ತಜ್ಞರ ಕೆಲಸವೆಂದು ಕೆಲವರು ನುಣುಚಿಕೊಳ್ಳುತ್ತಾರೆ. ಪ್ರಭೇದವನ್ನು ನಿರ್ಧರಿಸಲು ಗಂಡಿನ ಜನನಾಂಗವನ್ನು ಬಿಡಿಸಿ ನೋಡಬೇಕಾಗುತ್ತದೆ, ನಿಜ. ಅದನ್ನು ತಜ್ಞರಿಗೇ ಬಿಡೋಣ. ಕುಟುಂಬವನ್ನು ಗುರುತಿಸಲು ಪ್ರೌಢಶಾಲೆಯ ವಿದ್ಯಾರ್ಥಿಗೆ ಮಸೂರ, ಬಿಳಿ ತಟ್ಟೆ ಮತ್ತು ತಾಳ್ಮೆ ಸಾಕು.

ಗೆಳೆಯರೇ, ಈ ಬೇಸಿಗೆಯಲ್ಲಿ ನಿಮ್ಮ ಊರಿನ ಹಳ್ಳಕ್ಕಿಳಿಯಿರಿ. ಕಲ್ಲೆತ್ತಿ ನೋಡಿ, ಎಣಿಸಿ, ದಿನಾಂಕ ಮತ್ತು ಜಾಗವನ್ನು ಬರೆದಿಡಿ, ಹುಳುವನ್ನು ಮರಳಿ ನೀರಿಗೆ ಬಿಡಿ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಆ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೇಳಿ: ನಿಮ್ಮ ಪಟ್ಟಿಯಲ್ಲಿ ಎಲ್ಮಿಡೇ ಎಲ್ಲಿ?