ಭಾನುವಾರದ ಕಾರಿಗೆ ಕಾಡು ಕಡಿಯಬೇಕೆ?

ಮುಂಬಯಿಯವರಾದ ನಮಗೆ ಎರಡು ದಿನ ರಜೆ ಸಿಕ್ಕರೆ ಸಾಕು, ಮಾಥೇರಾನ್ ನೆನಪಾಗುತ್ತದೆ. ಆದರೆ ಆ ಊರು ನಮ್ಮ ಕಾರನ್ನು ಒಳಗೆ ಬಿಡುವುದಿಲ್ಲ. ದಸ್ತೂರಿ ನಾಕಾದಲ್ಲೇ ನಿಲ್ಲಿಸಿ, ಪೇಟೆಗೆ ಸುಮಾರು 3 ಕಿ.ಮೀ. ನಡೆಯಬೇಕು, ಇಲ್ಲವೇ ಕುದುರೆ ಏರಬೇಕು, ಪುಟಾಣಿ ರೈಲು ಹಿಡಿಯಬೇಕು. ರಜಾದಿನ ಅಲ್ಲಿ ಜಾಗ ಸಿಗದವರು, "ಪಾರ್ಕಿಂಗ್ ಇನ್ನಷ್ಟು ದೊಡ್ಡದು ಮಾಡಬಾರದೇನ್ರೀ?" ಅಂತ ಕೇಳುತ್ತಾರೆ. ಮಾಡಬಾರದು ಅಂತ ನನ್ನ ವಾದ.

ನಾನು ಕಾಮರ್ಸ್ ಓದುವವನು, ಲೆಕ್ಕದಲ್ಲೇ ಹೇಳುತ್ತೇನೆ. ದೀಪಾವಳಿಯ ಒಂದು ವಾರದ ವ್ಯಾಪಾರಕ್ಕೆಂದು ವರ್ಷಪೂರ್ತಿ ದೊಡ್ಡ ಗೋದಾಮು ಬಾಡಿಗೆ ಹಿಡಿದ ಅಂಗಡಿಯವನು ಉಳಿಯುತ್ತಾನೆಯೇ? ಶನಿವಾರ, ಭಾನುವಾರದ ಗದ್ದಲಕ್ಕೆ ಅಳೆದು ಕಟ್ಟಿದ ಪಾರ್ಕಿಂಗ್ ಮಿಕ್ಕ ಐದು ದಿನ ಬಿಸಿಲು ಕಾಯುತ್ತದೆ, ಅಷ್ಟೆ. ಕನ್ನಡ ಶಾಲೆಯಲ್ಲಿ ಮೇಷ್ಟ್ರು ಮೂಲಧನ, ಬಡ್ಡಿ ಅಂತ ಕಲಿಸಿದ್ದರು. ಮಾಥೇರಾನಿನ ಮೂಲಧನ ಅದರ ಕಾಡು ಮತ್ತು ಹಾರ್ನ್ ಇಲ್ಲದ ರಸ್ತೆ. ಪ್ರವಾಸಿಗರ ದುಡ್ಡು ಬಡ್ಡಿ. 2003ರಲ್ಲಿ ಕೇಂದ್ರ ಸರ್ಕಾರ ಇದನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಕಾರುಗಳು ಎಲ್ಲಿ ನಿಲ್ಲಬೇಕು? ಕೆಳಗೆ, ನೇರಳ್‌ನಲ್ಲಿ. 1907ರಲ್ಲೇ ಬೆಟ್ಟದ ರೈಲು ಹೊರಟದ್ದು ಅಲ್ಲಿಂದ. ರೈಲು ಎಲ್ಲರನ್ನೂ ಹೊರಲಾರದು, ಮಳೆಗಾಲದಲ್ಲಿ ಘಾಟಿಯಲ್ಲಿ ಓಡುವುದೂ ಇಲ್ಲ, ನಿಜ. ಆದರೆ ದಸ್ತೂರಿಯವರೆಗೆ ಶೇರ್ ಟ್ಯಾಕ್ಸಿಗಳಿವೆಯಲ್ಲ! ಮೇಲಿನ ಜಾಗ ತುಂಬಿದೆ ಅನ್ನುವ ಬೋರ್ಡು ನೇರಳ್‌ನಲ್ಲೇ ಕಾಣಲಿ. ಘಾಟಿ ಹತ್ತಿ ಸಾಲಿನಲ್ಲಿ ನಿಂತ ಮೇಲೆ ತಿಳಿದು ಏನು ಪ್ರಯೋಜನ? ಮೇಲೆ ಈಗಿರುವ ಜಾಗದಲ್ಲಿ ಊರಿನವರಿಗೆ, ಮುದುಕರಿಗೆ, ಅಂಗವಿಕಲರಿಗೆ ಮೊದಲ ಪಾಲು ಇರಲಿ. ಉಳಿದವರಿಗೆ ರಜಾದಿನದ ದರ ಕೈ ಸುಡುವಷ್ಟಿರಲಿ.

ಆ ಹಣದ ಜಮಾಖರ್ಚನ್ನು ನಾಕಾದಲ್ಲೇ ಬರೆದು ಹಾಕಬೇಕು. ಮೊದಲ ಖರ್ಚು ಯಾವುದು? 2025ರಲ್ಲಿ ಸುಪ್ರೀಂ ಕೋರ್ಟು, ಮನುಷ್ಯ ಮನುಷ್ಯನನ್ನು ಎಳೆಯುವ ಕೈರಿಕ್ಷಾ ಇಲ್ಲಿ ಆರು ತಿಂಗಳಲ್ಲಿ ನಿಲ್ಲಬೇಕು, ಎಳೆಯುವವರಿಗೆ ಬೇರೆ ದಾರಿ ಮಾಡಿಕೊಡಬೇಕು ಎಂದಿತು. ವರ್ಷಗಟ್ಟಲೆ ನಮ್ಮ ಭಾರ ಎಳೆದವರು ಅವರು. ನಮ್ಮ ಕಾರಿನ ಬಾಡಿಗೆ ಮೊದಲು ಅವರ ಬ್ಯಾಟರಿ ರಿಕ್ಷಾಕ್ಕೆ ಹೋಗಲಿ.

ಹೆಂಡತಿ, ಮಕ್ಕಳು, ಗಂಟುಮೂಟೆ ಕಟ್ಟಿಕೊಂಡು ವಾಹನ ಬದಲಾಯಿಸುವುದು ಕಷ್ಟವೇ. ಒಪ್ಪುತ್ತೇನೆ. ಆದರೆ ಆ ಕಷ್ಟ ಒಂದು ದಿನದ್ದು. ಭಾನುವಾರದ ಕಾರಿಗಾಗಿ ಕಡಿದ ಮರ ಸೋಮವಾರ ಮತ್ತೆ ಎದ್ದು ನಿಲ್ಲುವುದಿಲ್ಲ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ; ಲೆಕ್ಕ ಸಮೇತ ಬರೆಯಲಿ.