ಹಳೇ ಬೀಗದ ಕೀ ಯಾರ ಹತ್ತಿರ ಇರಬೇಕು?

ಪ್ರೋಗ್ರಾಂ ಬರೆಯುವವರಿಗಾಗಿ ಮೈಕ್ರೋಸಾಫ್ಟ್ ಕಂಪನಿ ಒಂದು ಚಂದಾ ಯೋಜನೆ ನಡೆಸುತ್ತದೆ. ಹಿಂದೆ ಅದಕ್ಕೆ ಎಂಎಸ್‌ಡಿಎನ್ ಅಂತ ಹೆಸರಿತ್ತು, ಈಗ ವಿಷುಯಲ್ ಸ್ಟುಡಿಯೋ ಚಂದಾ ಅನ್ನುತ್ತಾರೆ. ಚಂದಾ ಕಟ್ಟಿದವರು ಕಂಪನಿಯ ಹೊಸ ಸಾಫ್ಟ್‌ವೇರ್ ಜೊತೆಗೆ ಎಷ್ಟೋ ಹಳೇ ಆವೃತ್ತಿಗಳನ್ನೂ ಇಳಿಸಿಕೊಳ್ಳಬಹುದು. 1990ರ ದಶಕದಲ್ಲಿ ಇವು ಸಿಡಿಗಳ ಕಟ್ಟಾಗಿ ಮನೆಗೇ ಬರುತ್ತಿದ್ದವು. ಈ ಪಟ್ಟಿಯಿಂದ ಕಂಪನಿ ಆಗಾಗ ಹಳೇದನ್ನು ತೆಗೆದುಹಾಕುತ್ತದೆ. ಹಾಗೆ ತೆಗೆಯುವ ರೀತಿ ಸರಿಯಿಲ್ಲ ಅನ್ನುವುದು ನಮ್ಮ ಮಾತು. ಅಮೆರಿಕದ ಕಂಪನಿಯ ಪಟ್ಟಿಗೂ ನಮಗೂ ಏನು ಸಂಬಂಧ ಅಂತ ಅನ್ನಿಸಿದರೆ ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತೇವೆ.

ಹೊಸದು ಇರುವಾಗ ಹಳೇದು ಯಾಕೆ? ಎಚ್‌ಎಂಟಿ ವಾಚ್ ಇಟ್ಟುಕೊಂಡವರಿಗೆ ಇದು ಗೊತ್ತು. ಕಾರ್ಖಾನೆ ನಿಂತರೂ ಕೈಯಲ್ಲಿರುವ ವಾಚ್ ನಡೆಯುತ್ತಲೇ ಇರುತ್ತದೆ, ರಿಪೇರಿಗೆ ಬಂದಾಗ ಮಾತ್ರ ಅದೇ ಕಾಲದ ಬಿಡಿಭಾಗ ಬೇಕಾಗುತ್ತದೆ. ಸಾಫ್ಟ್‌ವೇರ್ ಕಥೆ ಇನ್ನೂ ಬಿಗಿ. ಮೈಕ್ರೋಸಾಫ್ಟ್‌ನದೇ ಆಕ್ಸೆಸ್ 97 ಅನ್ನುವ ಡೇಟಾ ಇಡುವ ಪ್ರೋಗ್ರಾಂ ತಗೊಳ್ಳಿ. ಅದರಲ್ಲಿ ಮಾಡಿದ ಫೈಲನ್ನು ಆಕ್ಸೆಸ್ 2013 ಮತ್ತು ಅದರಿಂದ ಈಚಿನವು ತೆರೆಯುವುದೇ ಇಲ್ಲ. 2010ರ ಆಕ್ಸೆಸ್ ಅಥವಾ ಅದಕ್ಕಿಂತ ಹಿಂದಿನದು ಹುಡುಕಿ, ಅದರಲ್ಲಿ ತೆರೆದು, ಹೊಸ ರೂಪಕ್ಕೆ ಬದಲಿಸಿ, ಆಮೇಲೆ ಹೊಸದಕ್ಕೆ ಹಾಕಬೇಕು. ನಡುವಿನ ಆ ಮೆಟ್ಟಿಲು ಸಿಗದಿದ್ದರೆ ಫೈಲ್ ಕಣ್ಣೆದುರೇ ಇದ್ದರೂ ಒಳಗಿನ ಲೆಕ್ಕ ತೆಗೆಯುವುದು ದೊಡ್ಡ ತಲೆನೋವು.

ಈಗ ನಮ್ಮ ಕಡೆ ಬನ್ನಿ. ಹಳ್ಳಿಯ ವಿಎಸ್‌ಎಸ್‌ಎನ್, ಹಾಲಿನ ಡೇರಿ, ಪಕ್ಕದ ಊರಿನ ರೈಸ್‌ಮಿಲ್ಲು, ಇಂಥ ಕಡೆ ಮೊದಲು ಕಂಪ್ಯೂಟರ್ ಬಂದ ಕಾಲದಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತಿದ್ದವರು ತಾಲ್ಲೂಕು ಕೇಂದ್ರದ ಯಾರೋ ಒಬ್ಬ ಹುಡುಗ. ಅವನ ಕೈಯಲ್ಲಿದ್ದ ಹತ್ಯಾರ ಬಹಳ ಸಲ 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6. ಮುಂದೆ ಕಂಪನಿ ಹೊರತಂದ ವಿಷುಯಲ್ ಬೇಸಿಕ್ ಡಾಟ್‌ನೆಟ್ ಹೆಸರಿಗೆ ಅದರ ತಮ್ಮ, ಆದರೆ ಅಣ್ಣ ಬರೆದದ್ದು ತಮ್ಮನಿಗೆ ನೇರವಾಗಿ ಓದಲು ಬರಲಿಲ್ಲ. 2005ರಲ್ಲಿ ಹಳೆಯದರ ಮುಖ್ಯ ಬೆಂಬಲ ನಿಲ್ಲುವ ಹೊತ್ತಿಗೆ, ಕಂಪನಿಯೇ ಬಿರುದು ಕೊಟ್ಟು ಗೌರವಿಸಿದ್ದ ನೂರಕ್ಕೂ ಹೆಚ್ಚು ಪರಿಣತರು ನಿಲ್ಲಿಸಬೇಡಿ ಅಂತ ಮನವಿಗೆ ಸಹಿ ಹಾಕಿದರು. ಕಂಪನಿ ಕೇಳಲಿಲ್ಲ. 2008ರ ಏಪ್ರಿಲ್‌ಗೆ ಉಳಿದ ಬೆಂಬಲವೂ ಮುಗಿಯಿತು. ಆದರೂ ಅದರಲ್ಲಿ ಬರೆದ ಪ್ರೋಗ್ರಾಂಗಳು ಇವತ್ತಿನ ವಿಂಡೋಸ್‌ನಲ್ಲೂ ಓಡುತ್ತವೆ ಅನ್ನುವುದನ್ನು ಹೇಳಲೇಬೇಕು. ಓಡುತ್ತವೆ, ಸರಿ. ಬಡ್ಡಿ ದರ ಬದಲಾಯಿತು, ಒಂದು ಸಾಲು ತಿದ್ದಬೇಕು ಅಂದಾಗ ಮಾತ್ರ ಅದೇ ಹಳೇ ಹತ್ಯಾರ ಬೇಕು.

ಹಿಂತೆಗೆತ ಹೇಗೆ ನಡೆಯುತ್ತದೆ ಅನ್ನುವುದಕ್ಕೆ 2003ರ ಡಿಸೆಂಬರ್ ಒಳ್ಳೇ ಉದಾಹರಣೆ. ಜಾವಾ ಭಾಷೆಯ ವಿಷಯವಾಗಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1997ರಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತ್ತು. 2001ರಲ್ಲಿ ರಾಜಿಯಾಯಿತು. ಆ ರಾಜಿಯ ಕಟ್ಟುಪಾಡಿನಿಂದಾಗಿ, ಮೈಕ್ರೋಸಾಫ್ಟ್‌ನ ಜಾವಾ ಭಾಗ ಒಳಗಿದ್ದ ವಿಂಡೋಸ್ 98, ಎಸ್‌ಕ್ಯೂಎಲ್ ಸರ್ವರ್ 7, ಆಫೀಸ್ 2000ದ ಕೆಲವು ಆವೃತ್ತಿ ಸೇರಿ ಹಲವನ್ನು ಚಂದಾದಾರರ ಪಟ್ಟಿಯಿಂದ ತೆಗೆಯುತ್ತೇವೆ ಅಂತ ಕಂಪನಿ ಹೇಳಿತು. ಆಗಿನ್ನೂ ವಿಂಡೋಸ್ 98 ಬಳಸುವವರು ಲೆಕ್ಕವಿಲ್ಲದಷ್ಟು ಜನ ಇದ್ದರು. ನಾಲ್ಕೇ ತಿಂಗಳಿಗೆ, 2004ರ ಏಪ್ರಿಲ್‌ನಲ್ಲಿ, ಎರಡೂ ಕಂಪನಿಗಳು ಸುಮಾರು 200 ಕೋಟಿ ಡಾಲರಿಗೆ ಎಲ್ಲ ಜಗಳ ಬಗೆಹರಿಸಿಕೊಂಡು ಕೈ ಕುಲುಕಿದವು! ನಡುವೆ ಪರದಾಡಿದ್ದು ದುಡ್ಡು ಕಟ್ಟಿದ ಚಂದಾದಾರರು.

ಅವತ್ತು ಕಂಪನಿಗೆ ಕಾನೂನಿನ ಒತ್ತಡ ಇತ್ತು, ನಿಜ. ಹಳೇ ಸಾಫ್ಟ್‌ವೇರ್ ಇಂಟರ್‌ನೆಟ್‌ಗೆ ಸಿಕ್ಕಿಸಿದರೆ ವೈರಸ್ ಅಪಾಯ ಅನ್ನುವುದೂ ನಿಜ. ಆದರೆ ಪ್ರೋಗ್ರಾಂ ಬರೆಯುವವರು ಇದನ್ನು ನೆಟ್ ಇಲ್ಲದ ಬೇರೆ ಮಷಿನ್‌ನಲ್ಲಿ ಹಾಕಿಕೊಂಡು ಕೆಲಸ ಮುಗಿಸುತ್ತಾರೆ. ಜಾಗದ ಖರ್ಚು ಅನ್ನುವ ಮಾತಂತೂ ನಾವು ಒಪ್ಪುವುದಿಲ್ಲ. ವಿಂಡೋಸ್ 98 ಒಂದೇ ಸಿಡಿಯಲ್ಲಿ ಹಿಡಿಸುತ್ತದೆ, ನೀವು ವಾಟ್ಸಾಪ್‌ನಲ್ಲಿ ವಾರಕ್ಕೆ ಅದಕ್ಕಿಂತ ಹೆಚ್ಚು ವಿಡಿಯೋ ನೋಡುತ್ತೀರಿ. ಮೊದಲೇ ಇಳಿಸಿಟ್ಟುಕೊಂಡದ್ದನ್ನು ಚಂದಾ ಮುಗಿದ ಮೇಲೂ ಬಳಸಬಹುದು ಅನ್ನುವುದು ಸಾಮಾನ್ಯ ಚಂದಾದ ನಿಯಮ. ಇಳಿಸಿಟ್ಟುಕೊಳ್ಳದವರ ಗತಿ? ತೆಗೆಯಲೇಬೇಕು ಅಂದರೆ ಕನಿಷ್ಠ ಒಂದು ವರ್ಷ ಮುಂಚೆ ಹೇಳಲಿ, ಪ್ರತಿ ಮತ್ತು ಕೀ ಎರಡನ್ನೂ ಇಟ್ಟುಕೊಳ್ಳಲು ಬಿಡಲಿ, ಒಂದು ಪ್ರತಿಯನ್ನು ದೊಡ್ಡ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಕೊಡಲಿ.

ಕನ್ನಡದವರಿಗೆ ಈ ಕಷ್ಟದ ರುಚಿ ಆಗಲೇ ಹತ್ತಿದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ನಡಾವಳಿಯನ್ನು ಫೋನಿನಲ್ಲಿ ತೆರೆದು ನೋಡಿ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿದಂತೆ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ ಬದಲಿಸುವ ಉಪಾಯಗಳು ಇವೆ, ಯಾಕೆಂದರೆ ಯಾವ ಗುರುತು ಯಾವ ಅಕ್ಷರ ಅಂತ ತಿಳಿದವರು ಇನ್ನೂ ಇದ್ದಾರೆ. ಸೊಸೈಟಿಯ ಪ್ರೋಗ್ರಾಂ ಬರೆದ ಹುಡುಗ ಈಗ ಎಲ್ಲಿದ್ದಾನೋ ಏನೋ.

ಇದು ಇವತ್ತಿನ ಪ್ರಶ್ನೆ ಯಾಕೆ ಅಂದರೆ, ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರುವ 2,516 ಕೋಟಿ ರೂಪಾಯಿ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹಳೇ ಕಂಪ್ಯೂಟರಿನಲ್ಲಿರುವ ನಿಮ್ಮ ಷೇರು, ಸಾಲ, ಕಟ್ಟಿದ ಕಂತು ಎಲ್ಲವೂ ಹೊಸದಕ್ಕೆ ಸರಿಯಾಗಿ ಹೋಗಬೇಕು. ಹೋಗಿದೆ ಅಂತ ಯಾರಾದರೂ ತಾಳೆ ನೋಡಬೇಕು. ಹಾಗಾಗಿ ಈ ಸಲದ ಮಹಾಸಭೆಯಲ್ಲಿ ಕಾರ್ಯದರ್ಶಿಯವರನ್ನು ಎರಡು ಮಾತು ಕೇಳಿ: ಹಳೇ ಡೇಟಾವನ್ನು ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸಾದಾ ಪಟ್ಟಿಯಾಗಿ ತೆಗೆದಿಟ್ಟಿದ್ದೀರಾ? ಹಳೇ ಪ್ರೋಗ್ರಾಂನ ಸಿಡಿ ಮತ್ತು ಅದರ ಕೀ ಯಾರ ಹತ್ತಿರ ಇದೆ? ಅದು ಸಿಗುವ ತನಕ ಮನೆಯಲ್ಲಿರುವ ಹಳೇ ಪಾಸ್‌ಬುಕ್, ರಸೀದಿ ಯಾವುದನ್ನೂ ಗುಜರಿಗೆ ಹಾಕಬೇಡಿ.