ಎಲೆಗೆ ಬಾಟಲಿ, ಬೇರಿಗೆ ಬಾಯಾರಿಕೆ

ಮಳೆ ಕೈಕೊಟ್ಟಿತೋ, ಕೋಲಾರ ಸೀಮೆಯ ಕೊತ್ತಂಬರಿ ಹೊಲದ ಬದುವಿಗೆ ಬಣ್ಣದ ಬಾಟಲಿಗಳು ಬಂದು ಕೂರುತ್ತವೆ. ‘ಎಲೆಗೆ ಹೊಡೀರಿ ಗೌಡ್ರೇ, ನೀರೇ ಬೇಡ!’ 2023ರಲ್ಲಿ 223 ತಾಲ್ಲೂಕು ಬರಪೀಡಿತವೆಂದು ಸಾರಿದ ರಾಜ್ಯವಿದು. ಇಂಥ ಮಾತಿಗೆ ಗಿರಾಕಿಗಳು ಕಡಿಮೆಯೇ?

ಸಿಂಪಡಣೆ ಪೂರಾ ಸುಳ್ಳೇನಲ್ಲ. ಎಲೆಯ ಸಣ್ಣ ರಂಧ್ರಗಳು ತೆರೆದು ಮುಚ್ಚುವುದಕ್ಕೆ ಪೊಟ್ಯಾಷ್ ಬೇಕೇ ಬೇಕು. ಲೀಟರ್ ನೀರಿಗೆ 10 ಗ್ರಾಂ ಪೊಟ್ಯಾಷ್ ಗೊಬ್ಬರ ಕರಗಿಸಿ, ಸೋಸಿ, ಬಿಸಿಲು ಇಳಿದ ಮೇಲೆ ಹೊಡೆದರೆ ಗಿಡ ನಾಲ್ಕು ದಿನ ತಡೆದೀತು. ನಡುಮಧ್ಯಾಹ್ನ ಹೊಡೆದರೆ ಎಲೆಯೇ ಸುಟ್ಟೀತು. ಬುಡದಲ್ಲಿ ಪಸೆಯೇ ಇಲ್ಲವೆಂದರೆ ಯಾವ ಬಾಟಲಿಯೂ ಅಷ್ಟಕ್ಕಷ್ಟೆ.

ಒಂದು ಕ್ಯಾನಿಗೆ ಟೀ ದುಡ್ಡೂ ಆಗದ ಈ ಉಪಾಯವನ್ನು ತೋಟಗಾರಿಕೆ ಇಲಾಖೆಯವರು ಬೇಸಿಗೆಗೆ ಮುಂಚೆಯೇ ಸಂತೆಯಲ್ಲಿ ನಿಂತು ಹೇಳಲಿ. ಬಾಟಲಿ ಮಾರುವ ಅಂಗಡಿಯವರು ಬಿಲ್ಲಾದರೂ ಬರೆದು ಕೊಡಲಿ.